ಗಡಿ ದಾಟುವ ಸರಕು: ಮಾರಾಟ ತೆರಿಗೆ ಮತ್ತು ಹಗರೆ–ಅರಸೀಕೆರೆ ಸೀಮೆಯ ಸಣ್ಣ ವರ್ತಕ

ಹಾಸನದಿಂದ ಬೇಲೂರಿಗೆ ಸಾಗುವ ದಾರಿಯಲ್ಲಿ ಹಳೇಬೀಡಿಗೆ ಕವಲೊಡೆಯುವ ಊರು ಹಗರೆ. ಇಲ್ಲಿಂದ ಜಾವಗಲ್, ಬಾಣಾವರಗಳ ಮೂಲಕ ಅರಸೀಕೆರೆಯವರೆಗೆ ಹಬ್ಬಿದ ಸೀಮೆ ವ್ಯಾಪಾರಕ್ಕೂ ಅದರ ಮೇಲಿನ ಕರಕ್ಕೂ ಹೊಸದಲ್ಲ. ಹೊಯ್ಸಳರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮುಂತಾದ ಸುಂಕಗಳ ಹೆಸರುಗಳು ಪದೇಪದೇ ಬರುತ್ತವೆ. ಅವುಗಳನ್ನು ಇಂದಿನ ಮಾರಾಟ ತೆರಿಗೆಯ ಪೂರ್ವರೂಪವೆಂದು ಕರೆಯುವುದು ಅವಸರದ ಮಾತಾದೀತು. ಅಂದು ಸುಂಕ ಬೀಳುತ್ತಿದ್ದುದು ಮುಖ್ಯವಾಗಿ ಹೇರಿನ ಮೇಲೆ; ಇಂದಿನ ತೆರಿಗೆ ವಹಿವಾಟಿನ ಲೆಕ್ಕವನ್ನು ಬೇಡುತ್ತದೆ. ಸಣ್ಣ ವರ್ತಕನ ಸಂಕಟ ಹುಟ್ಟುವುದು ಈ ಲೆಕ್ಕದಲ್ಲಿಯೇ.

ಸ್ವಾತಂತ್ರ್ಯಾನಂತರದ ಮೊದಲ ವರ್ಷಗಳಲ್ಲಿ ಅಂತರರಾಜ್ಯ ಮಾರಾಟಕ್ಕೆ ತೆರಿಗೆ ವಿಧಿಸುವ ಹಕ್ಕು ಯಾವ ರಾಜ್ಯದ್ದು ಎಂಬುದೇ ಅನಿಶ್ಚಿತವಾಗಿತ್ತು. 1953ರಲ್ಲಿ ಯುನೈಟೆಡ್ ಮೋಟಾರ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಸರಕು ತಲುಪುವ ರಾಜ್ಯಕ್ಕೆ ಆ ಹಕ್ಕನ್ನು ಮಾನ್ಯ ಮಾಡಿತು. ಪರಿಣಾಮವಾಗಿ ಒಂದೇ ಅಂಗಡಿಯವನು ದೂರದ ಹಲವು ರಾಜ್ಯಗಳ ಅಧಿಕಾರಿಗಳಿಗೆ ಉತ್ತರಿಸಬೇಕಾಯಿತು. 1955ರ ಬೆಂಗಾಲ್ ಇಮ್ಯುನಿಟಿ ತೀರ್ಪು ಆ ನಿಲುವನ್ನು ತಿರುವುಹಾಕಿತು. ಮರುವರ್ಷ ಸಂವಿಧಾನದ ಆರನೆಯ ತಿದ್ದುಪಡಿ ಹಾಗೂ ಕೇಂದ್ರ ಮಾರಾಟ ತೆರಿಗೆ ಕಾಯಿದೆ ಬಂದವು.

ಈ 1956ರ ಕಾಯಿದೆಯ ಒಂದು ಗುಣ ವಿಶೇಷವಾಗಿ ಗಮನಾರ್ಹ. ರಾಜ್ಯದ ಕಾಯಿದೆಯಲ್ಲಿ ಅಲ್ಪ ವಹಿವಾಟಿನವರಿಗೆ ವಿನಾಯಿತಿಯ ಮಿತಿ ಇದ್ದರೂ, ಅಂತರರಾಜ್ಯ ಮಾರಾಟಕ್ಕೆ ಅಂಥ ಮಿತಿ ಇರಲಿಲ್ಲ. ಗಡಿಯಾಚೆಗೆ ಒಂದು ಮೂಟೆ ಕಳುಹಿಸಿದವನೂ ನೋಂದಣಿಗೆ ಒಳಪಡುತ್ತಿದ್ದನು. ಈ ಸೀಮೆಯ ಮುಖ್ಯ ಸರಕಾದ ಕೊಬ್ಬರಿಯು ಆ ಕಾಯಿದೆಯ 14ನೆಯ ಪ್ರಕರಣದ ‘ಘೋಷಿತ ಸರಕು’ಗಳಲ್ಲಿ ಸೇರಿತ್ತು. ಕೊಳ್ಳುವವನು ‘ಸಿ’ ನಮೂನೆ ಒದಗಿಸಿದರೆ ರಿಯಾಯಿತಿ ದರ. ಒದಗಿಸದಿದ್ದರೆ, 2007ರವರೆಗೆ, ಘೋಷಿತ ಸರಕಿಗೆ ಸ್ಥಳೀಯ ದರದ ಇಮ್ಮಡಿ. ನಮೂನೆ ಪಡೆಯಬೇಕಾದವನು ದೂರದೂರಿನ ಖರೀದಿದಾರ, ಅದು ಬಾರದಿದ್ದರೆ ದಂಡ ತೆರಬೇಕಾದವನು ಇಲ್ಲಿನ ಮಾರಾಟಗಾರ. ಇಂಥ ಹೊಣೆಯನ್ನು ಹೊರಲು ಸಾಮರ್ಥ್ಯವಿದ್ದವರು ದೊಡ್ಡ ಮಂಡಿಯವರೇ. ಅರಸೀಕೆರೆ, ತಿಪಟೂರುಗಳ ಮಂಡಿಗಳಿಗೆ ಸರಕು ಒಪ್ಪಿಸಿ ಸುಮ್ಮನಾಗುವುದು ಸಣ್ಣವನಿಗೆ ಜಾಣತನವಾಗಿತ್ತು. ಉತ್ತರದ ಮಾರುಕಟ್ಟೆಯ ಲಾಭಾಂಶವನ್ನು ಬಿಟ್ಟುಕೊಡುವುದೂ ಅದರಲ್ಲಿ ಸೇರಿತ್ತು.

ಕರ್ನಾಟಕದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಬಂದಿತು. ಕೇಂದ್ರ ಮಾರಾಟ ತೆರಿಗೆಯ ರಿಯಾಯಿತಿ ದರ 2007ರಲ್ಲಿ ಶೇಕಡಾ 4ರಿಂದ 3ಕ್ಕೆ, 2008ರಲ್ಲಿ 2ಕ್ಕೆ ಇಳಿಯಿತು. 2017ರ ಜುಲೈ 1ರಿಂದ ಸರಕು ಮತ್ತು ಸೇವಾ ತೆರಿಗೆ ಇವುಗಳ ಸ್ಥಾನವನ್ನು ಬಹುಮಟ್ಟಿಗೆ ಆಕ್ರಮಿಸಿತು. ಗಡಿಯ ತಪಾಸಣಾ ಕಟ್ಟೆಗಳು ತೆರವಾದವು.

ಆದರೆ ಹಳೆಯ ಗುಣ ಅಳಿಯಲಿಲ್ಲ. ಸರಕು ಮಾರುವವರ ನೋಂದಣಿ ಮಿತಿ 2019ರ ಏಪ್ರಿಲ್‌ನಿಂದ 40 ಲಕ್ಷ ರೂಪಾಯಿಗೆ ಏರಿತಾದರೂ, 24ನೆಯ ಪ್ರಕರಣದಂತೆ ತೆರಿಗೆಗೊಳಪಡುವ ಸರಕನ್ನು ಹೊರರಾಜ್ಯಕ್ಕೆ ಮಾರುವವನಿಗೆ ಮಿತಿಯ ಆಶ್ರಯವಿಲ್ಲ. ಶೇಕಡಾ 1ರ ರಾಜಿ ತೆರಿಗೆಯನ್ನು ಆರಿಸಿಕೊಂಡ ವರ್ತಕನು ಗಡಿಯಾಚೆಗೆ ಮಾರುವಂತೆಯೇ ಇಲ್ಲ. 2023ರ ಅಕ್ಟೋಬರ್‌ನಿಂದ ಅಂತರಜಾಲ ಮಳಿಗೆಗಳ ಮೂಲಕ ನೋಂದಣಿಯಿಲ್ಲದೆ ಸರಕು ಮಾರಲು ಸಣ್ಣವರಿಗೆ ಅವಕಾಶ ದೊರೆತರೂ, ಅದೂ ಸ್ವರಾಜ್ಯದೊಳಗೆ ಮಾತ್ರ.

ಇದರ ಕೌತುಕ ತೆಂಗಿನಲ್ಲಿ ಕಾಣುತ್ತದೆ. ತೆಂಗಿನಕಾಯಿ, ಹಸಿಯಾಗಲಿ ಒಣಗಿರಲಿ, ತೆರಿಗೆಯಿಂದ ಮುಕ್ತ. ಕೊಬ್ಬರಿಗೆ ಶೇಕಡಾ 5. ಈ ಭೇದವನ್ನು ವಿವರಿಸಲು 2021ರ ಅಕ್ಟೋಬರ್‌ನಲ್ಲಿ ಸುತ್ತೋಲೆಯೇ ಬೇಕಾಯಿತು. ತಾನು ಬೆಳೆದುದನ್ನು ಮಾರುವ ಕೃಷಿಕನಿಗೆ ನೋಂದಣಿ ಬೇಡ. ಅವನಿಂದ ಕಾಯಿ ಕೊಂಡು ಮುಂಬಯಿಗೆ ಕಳುಹಿಸುವ ವರ್ತಕನಿಗೂ ಬೇಡ. ಅದೇ ವರ್ತಕ ಕೊಬ್ಬರಿ ಕಳುಹಿಸಿದರೆ ಮೊದಲ ಚೀಲಕ್ಕೇ ಬೇಕು.

ತಿಳಿವಳಿಕೆಯ ಕೊರತೆ ಎಷ್ಟು ದುಬಾರಿಯೆಂಬುದು 2025ರ ಜುಲೈನಲ್ಲಿ ಬಯಲಾಯಿತು. ಯುಪಿಐ ಜಮೆಗಳ ಆಧಾರದ ಮೇಲೆ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ನೀಡಿದಾಗ, ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರೂ ಗಾಬರಿಗೊಂಡರು.

ಹಳೇಬೀಡಿನ ಶಿಲ್ಪಿಗಳಂಥ ಕುಶಲಕರ್ಮಿಗಳಿಗೆ 2017ರ ಸೆಪ್ಟೆಂಬರ್‌ನಿಂದ ಒಂದು ಸಡಿಲಿಕೆಯುಂಟು: ಅಧಿಸೂಚಿತ ಕರಕುಶಲ ವಸ್ತುಗಳನ್ನು 20 ಲಕ್ಷದ ಮಿತಿಯೊಳಗೆ ನೋಂದಣಿಯಿಲ್ಲದೆ ಹೊರರಾಜ್ಯಕ್ಕೆ ಮಾರಬಹುದು. ಆದರೆ ಪ್ಯಾನ್ ಸಂಖ್ಯೆಯೂ, ಬೆಲೆ ಎಷ್ಟೇ ಕಡಿಮೆಯಿದ್ದರೂ ಇ-ವೇ ಬಿಲ್ಲೂ ಕಡ್ಡಾಯ.