ಹಳೆಯ ಸೀಸೆಯಲ್ಲಿ ಉಳಿದ ಹೂವು

ಶನೆಲ್ ನಂಬರ್ 5 ಎಂಬ ಸುಗಂಧ ಹುಟ್ಟಿದ್ದು 1921ರಲ್ಲಿ, ಲಾನ್ವೆನ್ ಮನೆಯ ಅರ್ಪೆಜ್ 1927ರಲ್ಲಿ. ಎರಡೂ ಪ್ಯಾರಿಸ್ಸಿನವು. ಎರಡರ ‘ನೋಟ್’ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟರೆ ಅವಳಿಜವಳಿ ಎನಿಸುತ್ತದೆ: ಗುಲಾಬಿ, ಮಲ್ಲಿಗೆ, ಇಲಾಂಗ್, ತಳದಲ್ಲಿ ಶ್ರೀಗಂಧ, ಲಾವಂಚ, ವೆನಿಲಾ. ಹಳೆಯ ಸೀಸೆಗಳನ್ನು ಮೂಸಿ ‘ಇದು ಮೃದು, ಅದು ಚುರುಕು’ ಎಂದು ತೀರ್ಪು ಕೊಡುವವರಿಗೆ ಕೊರತೆಯಿಲ್ಲ. ಆದರೆ ಆ ತೀರ್ಪು ಹೆಚ್ಚಾಗಿ ಸೀಸೆ ಕಳೆದ ಕಾಲದ ಬಗ್ಗೆ, ಸುಗಂಧದ ಬಗ್ಗೆ ಅಲ್ಲ.

ಪಟ್ಟಿಯನ್ನು ನಂಬುವುದೇ ಮೊದಲ ತಪ್ಪು. ನೋಟ್ ಎಂದರೆ ಮೂಗಿಗೆ ಬರುವ ಭಾವನೆ. ಒಳಗೆ ಹಾಕಿದ ಸಾಮಗ್ರಿಯೇ ಆಗಬೇಕಿಲ್ಲ. ಇಂಥ ಪಟ್ಟಿಗಳಲ್ಲಿ ಮತ್ತೆ ಮತ್ತೆ ಬರುವ ಲಿಲಿ ಆಫ್ ದ ವ್ಯಾಲಿ ಹೂವಿನಿಂದ ಬಳಸುವಷ್ಟು ತೈಲ ತೆಗೆಯಲು ಆಗುವುದೇ ಇಲ್ಲ. ಅದರ ಪರಿಮಳವನ್ನು ಹೈಡ್ರಾಕ್ಸಿಸಿಟ್ರೊನೆಲಾಲ್‌ನಂಥ ರಾಸಾಯನಿಕಗಳಿಂದ ಕಟ್ಟುತ್ತಾರೆ. ಈ ಎರಡು ಸುಗಂಧಗಳನ್ನು ಒಂದೇ ಕುಲಕ್ಕೆ ಸೇರಿಸಿದ್ದೂ ಹೂವಲ್ಲ, ಆಲ್ಡಿಹೈಡುಗಳು. ಕೊತ್ತಂಬರಿ ಸೊಪ್ಪನ್ನು ಬೆರಳಲ್ಲಿ ಹೊಸಕಿದಾಗ, ಕಿತ್ತಳೆ ಸಿಪ್ಪೆಯನ್ನು ಹಿಂಡಿದಾಗ ಮೂಗಿಗೆ ಚುಚ್ಚುವ ಘಾಟಿನಲ್ಲಿ ಡೆಕನಾಲ್ ಎಂಬ ಆಲ್ಡಿಹೈಡ್ ಇದೆ. ಅದರ ಬಂಧುಗಳನ್ನು ಸುಗಂಧ ತಯಾರಕ ಎರ್ನೆಸ್ಟ್ ಬೋ ನಂಬರ್ 5ರಲ್ಲಿ ಧಾರಾಳವಾಗಿ ಬಳಸಿದ; ಗುಲಾಬಿ-ಮಲ್ಲಿಗೆಗೆ ಸಾಬೂನಿನ ಶುಭ್ರತೆ, ಒಂದು ಬಗೆಯ ಮಿನುಗು ಬಂತು. ಅರ್ಪೆಜ್ ಅದೇ ದಾರಿ ಹಿಡಿಯಿತು.

ತೊಡಕು ಇಲ್ಲೇ. ಗಾಳಿ ತಾಗಿದ ಆಲ್ಡಿಹೈಡ್ ನಿಧಾನವಾಗಿ ಆಮ್ಲವಾಗುತ್ತದೆ, ಮಿನುಗಿನ ಜಾಗಕ್ಕೆ ಕಮಟು ಬರುತ್ತದೆ. ನಿಂಬೆ ಜಾತಿಯ ತೈಲಗಳದ್ದೂ ಹೆಚ್ಚು ಕಡಿಮೆ ಅದೇ ಪಾಡು. ಆದರೆ ಶ್ರೀಗಂಧದ ಸ್ಯಾಂಟಲಾಲ್ ಭಾರದ ಅಣು, ಆವಿಯಾಗಲು ಅವಸರಪಡದು. ಹಾಗಾಗಿ ಹಳೆಯ ಸೀಸೆಯಲ್ಲಿ ತಲೆ, ಅಂದರೆ ಮೊದಲು ಮೂಗಿಗೆ ಬರುವ ಪರಿಮಳ, ಮಾಸಿ, ತಳ ಮಾತ್ರ ಗಟ್ಟಿಯಾಗಿ ನಿಂತಿರುತ್ತದೆ. ‘ಹಳೆಯದು ಎಷ್ಟು ಗಾಢ!’ ಎಂಬ ಮೆಚ್ಚುಗೆಯಲ್ಲಿ ಒಂದು ಪಾಲು ಈ ನಷ್ಟಕ್ಕೆ ಸಲ್ಲಬೇಕು.

ತಳ ಉಳಿದಿದೆಯಲ್ಲ, ಅದನ್ನಾದರೂ ಹೋಲಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ಧಾರಾಳವಾಗಿ ಹೋಲಿಸಲಿ. ಆದರೆ ಇವೆರಡರ ನೆಂಟಸ್ತಿಕೆ ಇದ್ದದ್ದು ತಲೆಯಲ್ಲಿ. ಅದೇ ಮೊದಲು ಹೋಗುವ ಭಾಗ. ಇವತ್ತಿನ ಸೀಸೆ ಕೊಂಡು ಹೋಲಿಸೋಣವೆಂದರೆ, ಅಲರ್ಜಿಯ ಕಾರಣಕ್ಕೆ ಕೆಲವು ಹಳೆಯ ಘಟಕಗಳಿಗೆ ನಿರ್ಬಂಧ ಬಿದ್ದು ಸೂತ್ರಗಳೇ ಬದಲಾಗಿವೆ. ಹೆಚ್ಚು ನಂಬಬಹುದಾದ ದಾರಿ ಮೂಲ ಸೂತ್ರದಂತೆ ಹೊಸದಾಗಿ ಬೆರೆಸುವುದು. ವರ್ಸೈನಲ್ಲಿ 1990ರಲ್ಲಿ ಶುರುವಾದ ಓಸ್ಮೊತೆಕ್ ಎಂಬ ಸುಗಂಧ ಭಂಡಾರ ಎಷ್ಟೋ ಹಳೆಯ ಪರಿಮಳಗಳನ್ನು ಹೀಗೆ ಮರಳಿ ತಯಾರಿಸಿ, ಗಾಳಿ ತಾಗದಂತೆ ಆರ್ಗಾನ್ ಅನಿಲ ತುಂಬಿ, ತಂಪಾದ ಕತ್ತಲಲ್ಲಿ ಇಟ್ಟಿದೆ.