ಗುಡಾರ ಎದ್ದದ್ದು ಅಂಗಳದಲ್ಲಿ

ಕಾಳಿ ನದಿಯ ದಂಡೆಯಲ್ಲಿ ಗುಡಾರ ಹಾಕುವ ಹುಮ್ಮಸ್ಸಿನಿಂದ ಕಳೆದ ದೀಪಾವಳಿ ರಜೆಯಲ್ಲಿ ನಾವು ನಾಲ್ವರು ಬೆಳಗಿನ 5 ಗಂಟೆಗೆ ಮುಂಬಯಿಯಿಂದ ಕಾರಿನಲ್ಲಿ ದಾಂಡೇಲಿಗೆ ಹೊರಟೆವು. ಪುಣೆ, ಸಾತಾರಾ, ಕೊಲ್ಲಾಪುರ ದಾಟಿ ನಿಪ್ಪಾಣಿ ಬಂದಾಗ ಮಗಳು ಅಂಗಡಿಯ ಫಲಕಗಳನ್ನು ಅಕ್ಷರ ಕೂಡಿಸಿ ಓದತೊಡಗಿದಳು.

ಧಾರವಾಡ ಮುಟ್ಟುವಾಗ ಕತ್ತಲಾಗಿತ್ತು. 500 ಕಿಲೋಮೀಟರಿಗೂ ಮಿಕ್ಕಿದ ಹಾದಿ ಸವೆಸಿ ನನ್ನ ಕಣ್ಣು ಎಳೆಯುತ್ತಿತ್ತು; ಮುಂದೆ ಕಾಡುದಾರಿ. ಮಕ್ಕಳು ಹಟ ಹಿಡಿದರೂ ಸೋದರತ್ತೆಯ ಮನೆಗೆ ಕಾರು ತಿರುಗಿಸಿದೆ. ಗುಡಾರ ಅವರ ಅಂಗಳದಲ್ಲೇ ಎದ್ದಿತು. ಜೋಳದ ರೊಟ್ಟಿ ತಂದ ಅತ್ತೆ, "ಇದೆಂಥಾ ಮನಿಯೋ, ಬಾಗಲಾನ ಇಲ್ಲಲ್ಲ!" ಎನ್ನುತ್ತ ಒಳಗೇ ಕುಳಿತರು. ಮನೆಯಲ್ಲೂ ಹಿಂದಿಯಾಡುವ ಮಗ ಮಧ್ಯರಾತ್ರಿಯವರೆಗೆ ಕನ್ನಡದಲ್ಲಿ ಕಥೆ ಕೇಳಿದ.

ಕಾಳಿ ಮರುದಿನ ಸಿಕ್ಕಳು. ದೂರದ ದಾರಿಯಲ್ಲಿ ಒಂದು ರಾತ್ರಿ ನೆಂಟರಿಗಿರಲಿ.