ಡೆಂಗ್ಯೂ ಲಸಿಕೆ: ರಕ್ಷಣೆಯನ್ನು ಅಳೆಯುವುದು ಹೇಗೆ?

ಮಳೆಗಾಲ ಬಂತೆಂದರೆ ನಮ್ಮ ವಾಚನಾಲಯದಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ: ಸಿಡುಬನ್ನೇ ಲಸಿಕೆಯಿಂದ ಅಟ್ಟಿದ ಮೇಲೆ ಡೆಂಗ್ಯೂ ಜ್ವರವೇಕೆ ಇಷ್ಟು ಕಾಡುತ್ತಿದೆ? ಉತ್ತರವನ್ನು ಯಥಾಮತಿ ವಾಚಕರ ಮುಂದಿಡುತ್ತೇವೆ.

ಡೆಂಗ್ಯೂ ವಿಷಾಣುವಿನಲ್ಲಿ ನಾಲ್ಕು ಬಗೆ. ಒಂದೊಂದರಲ್ಲೂ ಹಲವು ಒಳತಳಿಗಳು. ಒಂದು ಬಗೆ ಬಂದುಹೋದವನಿಗೆ ಅದರ ಭಯ ಬಹುಕಾಲ ಇರದು. ಆದರೆ ಮತ್ತೊಂದು ಬಗೆ ತಗುಲಿದಾಗ ಹಳೆಯ ಪ್ರತಿಕಾಯಗಳು ಅದನ್ನು ತಡೆಯಲಾರದೆ, ಅದಕ್ಕೆ ಅಂಟಿಕೊಂಡು, ಜೀವಕೋಶದೊಳಗೆ ಹೊಗಿಸುವುದೂ ಉಂಟು. ಕಾವಲುಗಾರನೇ ಕಳ್ಳನಿಗೆ ಬಾಗಿಲು ತೆರೆದಂತೆ! ಆದುದರಿಂದ ಲಸಿಕೆಯು ನಾಲ್ಕನ್ನೂ ಸಮನಾಗಿ ತಡೆಯಬೇಕು.

ತಡೆಯುವುದೆಂದು ಮೊದಲೇ ತಿಳಿಯುವುದು ಹೇಗೆ? ಲಸಿಕೆ ಪಡೆದವರ ರಕ್ತರಸವನ್ನು 10, 20, 40, 80 ಪಟ್ಟು ತೆಳುಮಾಡಿ, ವಿಷಾಣುವಿನೊಡನೆ ಬೆರೆಸಿ, ತಟ್ಟೆಯಲ್ಲಿ ಬೆಳೆಸಿದ ಕೋಶಗಳ ಮೇಲೆ ಹಾಕುತ್ತಾರೆ. ವಿಷಾಣು ಕೋಶಗಳನ್ನು ಕೊಂದಲ್ಲಿ ಕಲೆ ಮೂಡುತ್ತದೆ. ಎಷ್ಟು ತೆಳುವಾದರೂ ರಸವು ಕಲೆಗಳನ್ನು ಅರ್ಧಕ್ಕೆ ಇಳಿಸಬಲ್ಲುದೋ ಅದೇ ಅಳತೆ.

ಈ ಅಳತೆಯನ್ನೇ ನಂಬಿದರೆ ಮೋಸಹೋಗಬಹುದು. ಥಾಯ್ಲೆಂಡಿನ ರಾಚಬುರಿಯಲ್ಲಿ ನಡೆದ ಪರೀಕ್ಷೆಯ ಫಲ 2012ರಲ್ಲಿ ಹೊರಬಿತ್ತು. ಎರಡನೆಯ ಬಗೆಗೆ ಮಕ್ಕಳ ರಕ್ತದಲ್ಲಿ ಪ್ರತಿಕಾಯವಿತ್ತು; ರಕ್ಷಣೆ ಮಾತ್ರ ಕಾಣಲಿಲ್ಲ. ಪ್ರತಿಕಾಯಗಳಲ್ಲಿ ಕೆಲವು ಆಯಾ ಬಗೆಗೇ ಹುಟ್ಟಿದವು, ಕೆಲವು ಬೇರೊಂದು ಬಗೆಯಿಂದ ಎರವು ಬಂದವು. ಈ ಪರೀಕ್ಷೆ ಎರಡನ್ನೂ ಕೂಡಿಸಿಯೇ ಲೆಕ್ಕಹಾಕುತ್ತದೆ. ಜೊತೆಗೆ, ಊರಿನಲ್ಲಿ ಹಬ್ಬಿದ ತಳಿ ಲಸಿಕೆಯ ತಳಿಗಿಂತ ಭಿನ್ನವಾಗಿರಬಹುದು. ಒಂದೇ ಬಗೆಯ ಎರಡು ತಳಿಗಳ ಅಂತರ ಕೆಲವೊಮ್ಮೆ ಬೇರೆ ಬಗೆಯಷ್ಟೇ ದೂರವೆಂದು 2015ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ನಿಕರಾಗುವಾದ ಮಕ್ಕಳ ರಕ್ತವನ್ನು ವರ್ಷಗಟ್ಟಲೆ, ಇನ್ನೊಂದು ಕ್ರಮದಿಂದ ಅಳೆದ ವಿಜ್ಞಾನಿಗಳು 2017ರಲ್ಲಿ ಮತ್ತೊಂದು ಸಂಗತಿ ತಿಳಿಸಿದರು: ಅಳತೆ 21ರಿಂದ 80ರೊಳಗಿದ್ದ ಮಕ್ಕಳಿಗೇ ಉಗ್ರ ಜ್ವರದ ಅಪಾಯ ಹೆಚ್ಚು, ಅದಕ್ಕೂ ಬಹಳ ಮೇಲಿದ್ದರೆ ರಕ್ಷಣೆ. ಅರೆಬರೆ ಕಾವಲು ಕಾವಲಿಲ್ಲದ್ದಕ್ಕಿಂತಲೂ ಕೇಡು.

ಇದು ಬರಿಯ ಪಂಡಿತರ ಚರ್ಚೆಯಲ್ಲ. ಫಿಲಿಪೀನ್ಸ್ ದೇಶವು 2016ರಲ್ಲಿ ಶಾಲೆಗಳಲ್ಲಿ ಲಸಿಕೆ ಹಾಕಿಸತೊಡಗಿತು. ಹಿಂದೆ ಡೆಂಗ್ಯೂ ಬಾರದವರಿಗೆ ಈ ಲಸಿಕೆಯಿಂದ ಮುಂದೆ ಉಗ್ರರೂಪದ ಜ್ವರ ಬರಬಹುದೆಂದು ತಯಾರಕರು 2017ರ ನವೆಂಬರಿನಲ್ಲಿ ಪ್ರಕಟಿಸುವ ಹೊತ್ತಿಗೆ 8 ಲಕ್ಷಕ್ಕೂ ಮಿಕ್ಕಿ ಮಕ್ಕಳು ಅದನ್ನು ಪಡೆದಾಗಿತ್ತು.

ಅಂದಮೇಲೆ ಪ್ರಯೋಗಶಾಲೆಯ ಅಂಕಿಯ ಜೊತೆಗೆ ಕಾದು ನೋಡುವ ತಾಳ್ಮೆಯೂ ಬೇಕು. ನಮ್ಮ ದೇಶದಲ್ಲಿ 2024ರ ಆಗಸ್ಟಿನಲ್ಲಿ 10,335 ವಯಸ್ಕರನ್ನು ಗುರಿಯಾಗಿಟ್ಟುಕೊಂಡು ಆರಂಭವಾದ ಲಸಿಕೆಯ ಪರೀಕ್ಷೆಯಲ್ಲಿ ಎರಡು ವರ್ಷ ಅವರ ಮೇಲೆ ನಿಗಾ ಇಡುವ ಏರ್ಪಾಡು ಇದಕ್ಕಾಗಿಯೇ. ತಡವಾಯಿತೆಂದು ಬೇಸರಪಡುವ ಬಂಧುಗಳು ಇದನ್ನು ನೆನೆಯಬೇಕು. ಜೊತೆಗೆ, ವಾರಕ್ಕೊಮ್ಮೆ ಮನೆಯ ನೀರಿನ ಪಾತ್ರೆಗಳನ್ನು ಬರಿದುಮಾಡಿ ತಿಕ್ಕಬೇಕು.